ಮಿದುಳಿನ ಟಿ.ಬಿ.ಯಲ್ಲಿ ರಕ್ತ ಹೆಪ್ಪುಗಟ್ಟುವುದೇಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆಗಳಲ್ಲಿ ಹೆಚ್ಚಿನವು ವಾರ್ಡಿನ ಹೊರಗಿನ ಬೆಂಚಿನ ಮೇಲೆ ರಾತ್ರಿಯಿಡೀ ಕುಳಿತವರು ಕೇಳಿದವು. ಕೆಲವು ಪತ್ರಗಳಲ್ಲಿ ಬಂದವು. ಕೊನೆಯ ಭಾಗದ ಕೆಲವನ್ನು ಕಿರಿಯ ವೈದ್ಯರೂ ನರ್ಸುಗಳೂ ಕೇಳಿದ್ದರು. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿದ್ದೇನೆ. ಇಲ್ಲಿ ಬರುವ ಔಷಧಿಯ ಪ್ರಮಾಣಗಳು ಅಧ್ಯಯನಗಳಲ್ಲಿ ಬಳಸಿದವು. ಅವನ್ನು ನೋಡಿಕೊಂಡು ಮನೆಯಲ್ಲಿ ಮಾತ್ರೆ ಕೊಡಬಾರದು.

## ಮೊದಲ ದಿನದ ಪ್ರಶ್ನೆಗಳು

ಟಿ.ಬಿ. ಎಂದರೆ ಕೆಮ್ಮಿನ ಕಾಯಿಲೆಯಲ್ಲವೇ? ಅದು ತಲೆಗೆ ಹೇಗೆ ಹೋಯಿತು?

ಕ್ಷಯದ ಕ್ರಿಮಿ ದೇಹಕ್ಕೆ ಬರುವುದು ಉಸಿರಿನ ದಾರಿಯಲ್ಲೇ. ಕೆಲವರಲ್ಲಿ ಅದು ಶ್ವಾಸಕೋಶದಿಂದ ರಕ್ತಕ್ಕೆ ಸೇರಿ ಮಿದುಳಿನ ಮೇಲ್ಮೈಯಲ್ಲೋ ಅದರ ಪೊರೆಯಲ್ಲೋ ಸಣ್ಣ ಗಂಟಾಗಿ ನೆಲೆಯೂರುತ್ತದೆ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಅಲ್ಲೇ ಸುಮ್ಮನಿರಬಹುದು. ಎಂದೋ ಒಂದು ದಿನ ಆ ಗಂಟು ಒಡೆದು ಮಿದುಳಿನ ಸುತ್ತ ಹರಿಯುವ ದ್ರವಕ್ಕೆ ಕ್ರಿಮಿ ಚೆಲ್ಲಿದಾಗ ಪೊರೆ ಉರಿಯೂತಕ್ಕೆ ಸಿಕ್ಕುತ್ತದೆ. ಶವಪರೀಕ್ಷೆಗಳಿಂದ ಇದನ್ನು ತೋರಿಸಿಕೊಟ್ಟವರು ಅಮೆರಿಕದ ರಿಚ್ ಮತ್ತು ಮೆಕಾರ್ಡಕ್, 1933ರಲ್ಲಿ. ಹೀಗಾಗಿ ಕೆಮ್ಮೇ ಇಲ್ಲದವರಿಗೂ ಮಿದುಳಿನ ಟಿ.ಬಿ. ಬರಬಹುದು. ಒಟ್ಟು ಕ್ಷಯರೋಗಿಗಳಲ್ಲಿ ಇವರು ನೂರಕ್ಕೆ ಸುಮಾರು ಒಬ್ಬರು, ಆದರೆ ಟಿ.ಬಿ.ಯ ಎಲ್ಲ ರೂಪಗಳಲ್ಲಿ ಇದಕ್ಕಿಂತ ಕ್ರೂರವಾದದ್ದು ಇನ್ನೊಂದಿಲ್ಲ.

ಟಿ.ಬಿ. ಎಂದು ಸೇರಿಸಿದೆವು. ಈಗ ಲಕ್ವ ಹೊಡೆದಿದೆ ಎನ್ನುತ್ತಾರೆ. ಎರಡಕ್ಕೂ ಏನು ಸಂಬಂಧ?

ಇಡೀ ಕಾಯಿಲೆಯ ತಿರುಳೇ ಈ ಪ್ರಶ್ನೆಯಲ್ಲಿದೆ. ಮಿದುಳಿಗೆ ರಕ್ತ ತರುವ ದೊಡ್ಡ ಧಮನಿಗಳು ಅದರ ಬುಡದಲ್ಲಿ ಉಂಗುರದಂತೆ ಒಂದಕ್ಕೊಂದು ಕೂಡಿಕೊಂಡಿವೆ. ಆ ಉಂಗುರದಿಂದ ಕೂದಲೆಳೆಯಷ್ಟು ಸಣ್ಣ ಕವಲುಗಳು ನೇರವಾಗಿ ಮೇಲಕ್ಕೆ, ಮಿದುಳಿನ ಒಳಗರ್ಭಕ್ಕೆ ಹೋಗುತ್ತವೆ. ಮಿದುಳಿನ ಟಿ.ಬಿ.ಯಲ್ಲಿ ಅಂಟಂಟಾದ ಲೋಳೆ ಬಂದು ತುಂಬಿಕೊಳ್ಳುವುದು ಸರಿಯಾಗಿ ಇದೇ ಬುಡದಲ್ಲಿ. ಧಮನಿಗಳು ಆ ಲೋಳೆಯೊಳಗೆ ಮುಳುಗಿ ಕೂರುತ್ತವೆ. ಉರಿಯೂತ ಮೊದಲು ನಾಳದ ಹೊರಪದರಕ್ಕೆ ತಾಗುತ್ತದೆ, ಆಮೇಲೆ ಒಳಪದರ ದಪ್ಪವಾಗಿ ದಾರಿ ಕಿರಿದಾಗುತ್ತದೆ. ನಾಳ ಸೆಟೆದುಕೊಳ್ಳುವುದೂ ಉಂಟು. ಕಿರಿದಾದ ದಾರಿಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಮುಂದಿನ ಭಾಗಕ್ಕೆ ರಕ್ತವಿಲ್ಲ, ಅಷ್ಟು ಮಿದುಳು ಸಾಯುತ್ತದೆ. ಅದೇ ಲಕ್ವ, ಅಂದರೆ ಸ್ಟ್ರೋಕ್.

ಮಿದುಳಿನ ಟಿ.ಬಿ.ಯಿಂದ ಬದುಕುಳಿದವರಲ್ಲಿ ಉಳಿಯುವ ಊನಗಳಿಗೆ ಬಹುಪಾಲು ಕಾರಣ ಈ ನಾಳಗಳ ಕಥೆಯೇ. ಕ್ರಿಮಿ ಕೊಲ್ಲುವ ಮಾತ್ರೆ ನಮ್ಮಲ್ಲಿದೆ. ಸತ್ತ ಮಿದುಳನ್ನು ಬದುಕಿಸುವ ಮಾತ್ರೆ ಇಲ್ಲ.

ನಮ್ಮ ಹುಡುಗನಿಗೆ ಇಪ್ಪತ್ತೆರಡು ವರ್ಷ. ಬಿ.ಪಿ. ಇಲ್ಲ, ಸಕ್ಕರೆ ಕಾಯಿಲೆ ಇಲ್ಲ, ಬೀಡಿ ಮುಟ್ಟಿದವನಲ್ಲ. ಅವನಿಗೆ ಸ್ಟ್ರೋಕ್ ಆಗಲು ಸಾಧ್ಯವೇ?

ಸಾಧ್ಯ. ವಯಸ್ಸಾದವರ ಸ್ಟ್ರೋಕ್‌ನಲ್ಲಿ ನಾಳ ಕೆಡಲು ಹತ್ತಾರು ವರ್ಷ ಹಿಡಿಯುತ್ತದೆ. ಇಲ್ಲಿ ಅದೇ ಕೆಲಸ ವಾರಗಳಲ್ಲಿ ಮುಗಿಯುತ್ತದೆ. ಎರಡು ವರ್ಷದ ಮಗುವಿಗೂ ಆಗುತ್ತದೆ. ನಮ್ಮ ದೇಶದಲ್ಲಿ ಎಳೆ ವಯಸ್ಸಿನವರಿಗೆ ಜ್ವರ, ತಲೆನೋವಿನ ಬೆನ್ನಿಗೇ ಲಕ್ವ ಬಂದರೆ ವೈದ್ಯರು ಮೊದಲು ಯೋಚಿಸಬೇಕಾದ ಕಾರಣಗಳಲ್ಲಿ ಟಿ.ಬಿ. ಒಂದು.

ಎಷ್ಟು ಜನರಿಗೆ ಹೀಗಾಗುತ್ತದೆ?

ಬೇರೆ ಬೇರೆ ಅಧ್ಯಯನಗಳಲ್ಲಿ ನೂರಕ್ಕೆ 15ರಿಂದ 57ರವರೆಗೆ ಲೆಕ್ಕ ಸಿಗುತ್ತದೆ. ಇಷ್ಟೊಂದು ಅಂತರವಿರುವುದು ಹುಡುಕುವ ರೀತಿಯಿಂದ. ಕೈಕಾಲು ಬಿದ್ದವರನ್ನಷ್ಟೇ ಎಣಿಸಿದರೆ ಕಡಿಮೆ, ಎಲ್ಲರಿಗೂ ಎಂ.ಆರ್.ಐ. ಮಾಡಿದರೆ ಹೆಚ್ಚು. ಸದ್ದಿಲ್ಲದೆ ಆದ ಸ್ಟ್ರೋಕ್‌ಗಳು ಬಹಳ. ಈಗಾಗಲೇ ಪ್ರಜ್ಞೆ ಮಂಕಾಗಿ ಮಲಗಿದವರಲ್ಲಿ ಹೊಸದಾಗಿ ಒಂದು ಕೈ ದುರ್ಬಲವಾದರೆ ಪಕ್ಕದಲ್ಲೇ ಕುಳಿತವರಿಗೂ ಗೊತ್ತಾಗುವುದಿಲ್ಲ.

ಒಂದೇ ತಟ್ಟೆಯಲ್ಲಿ ಉಂಡರೆ, ಪಕ್ಕದಲ್ಲಿ ಮಲಗಿದರೆ ನಮಗೂ ಬರುತ್ತದೆಯೇ?

ತಟ್ಟೆಯಿಂದ ಬರುವುದಿಲ್ಲ. ಮಿದುಳಿನ ಟಿ.ಬಿ. ಮಿದುಳಿನಿಂದ ಹರಡುವುದೂ ಇಲ್ಲ. ಜೊತೆಗೆ ಶ್ವಾಸಕೋಶದ ಟಿ.ಬಿ. ಇದ್ದರೆ ಗಾಳಿಯಲ್ಲಿ ಹರಡಬಹುದು, ಆದ್ದರಿಂದ ಎದೆಯ ಎಕ್ಸ್‌ರೇ ತೆಗೆಸಲೇಬೇಕು. ಮನೆಯಲ್ಲಿ ಐದು ವರ್ಷದೊಳಗಿನ ಮಕ್ಕಳಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿ. ತಪಾಸಣೆಯ ನಂತರ ಅವರಿಗೆ ಮುನ್ನೆಚ್ಚರಿಕೆಯ ಮಾತ್ರೆ ಸಿಗುತ್ತದೆ. ಹುಟ್ಟಿದಾಗ ಹಾಕುವ ಬಿ.ಸಿ.ಜಿ. ಲಸಿಕೆ ದೊಡ್ಡವರ ಶ್ವಾಸಕೋಶದ ಟಿ.ಬಿ.ಯನ್ನು ಅಷ್ಟಾಗಿ ತಡೆಯದಿದ್ದರೂ ಎಳೆಯ ಮಕ್ಕಳ ಮಿದುಳನ್ನು ಚೆನ್ನಾಗಿಯೇ ಕಾಯುತ್ತದೆ.

## ಗುರುತಿಸುವುದು, ಪರೀಕ್ಷಿಸುವುದು

ಏನು ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಬೇಕು?

ಮಿದುಳಿನ ಟಿ.ಬಿ. ಮೆಲ್ಲಗೆ ಬರುತ್ತದೆ. ಒಂದೆರಡು ವಾರ ಬಿಡದ ತಲೆನೋವು, ಸಂಜೆಯ ಸಣ್ಣ ಜ್ವರ, ಊಟ ಸೇರದಿರುವುದು, ವಾಂತಿ. ಆಮೇಲೆ ನಡವಳಿಕೆ ಬದಲಾಗುತ್ತದೆ: ಚುರುಕಾಗಿದ್ದವರು ಮಂಕಾಗುತ್ತಾರೆ, ಏನೇನೋ ಮಾತಾಡುತ್ತಾರೆ, ಮಗು ಆಟ ಬಿಡುತ್ತದೆ. ಈ ಘಟ್ಟದಲ್ಲೇ ಎಷ್ಟೋ ಮನೆಗಳಲ್ಲಿ ಗಾಳಿ ಸೋಕಿದೆ, ದೃಷ್ಟಿ ತಗುಲಿದೆ ಎಂದು ತಾಯಿತ ಕಟ್ಟಿಸಲು ಹೋಗುತ್ತಾರೆ. ಕಟ್ಟಿಸುವವರು ಕಟ್ಟಿಸಿಕೊಳ್ಳಲಿ, ಅದೇ ದಿನ ಆಸ್ಪತ್ರೆಗೂ ಬರಲಿ.

ಹೆಪ್ಪುಗಟ್ಟಿದ್ದರ ಗುರುತು ಹೀಗಲ್ಲ, ಅದು ಥಟ್ಟನೆ ಬರುತ್ತದೆ. ಬಾಯಿ ಒಂದು ಕಡೆಗೆ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು, ಒಂದೇ ವಸ್ತು ಎರಡಾಗಿ ಕಾಣುವುದು, ಫಿಟ್ಸ್ ಬರುವುದು. ಟಿ.ಬಿ. ಚಿಕಿತ್ಸೆಯಲ್ಲಿರುವವರಿಗೆ ಇವುಗಳಲ್ಲಿ ಯಾವುದು ಕಂಡರೂ 108ಕ್ಕೆ ಕರೆ ಮಾಡಿ.

ಬೆನ್ನಿನಿಂದ ನೀರು ತೆಗೆದರೆ ಸೊಂಟ ಬಿದ್ದುಹೋಗುತ್ತದಂತೆ. ಬೇಡ ಎನ್ನಬಹುದೇ?

ಸೂಜಿ ಹಾಕುವ ಜಾಗದಲ್ಲಿ ಬೆನ್ನುಹುರಿಯೇ ಇರುವುದಿಲ್ಲ. ಅದು ಅದಕ್ಕಿಂತ ಮೇಲೆಯೇ ಮುಗಿದಿರುತ್ತದೆ. ದೇಹ ದಿನಕ್ಕೆ ಸುಮಾರು ಅರ್ಧ ಲೀಟರ್ ಈ ದ್ರವವನ್ನು ತಯಾರಿಸುತ್ತದೆ, ನಾವು ತೆಗೆಯುವುದು ಕೆಲವೇ ಚಮಚ. ಪರೀಕ್ಷೆಯ ನಂತರ ಕಾಲು ಬಿದ್ದ ರೋಗಿಯನ್ನು ನೋಡಿದ್ದೇವೆ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಕಾಲು ಬೀಳಿಸಿದ್ದು ಕಾಯಿಲೆ, ಅಪವಾದ ಹೊತ್ತದ್ದು ಸೂಜಿ. ತಲೆಯೊಳಗಿನ ಒತ್ತಡ ಅಪಾಯದ ಮಟ್ಟದಲ್ಲಿದೆ ಎಂಬ ಅನುಮಾನವಿದ್ದರೆ ಮೊದಲು ಸ್ಕ್ಯಾನ್ ಮಾಡಿ ನೋಡುತ್ತಾರೆ.

ಆ ನೀರನ್ನು ಸಿಬಿನಾಟ್ ಯಂತ್ರಕ್ಕೋ ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡ ಟ್ರೂನ್ಯಾಟ್ ಯಂತ್ರಕ್ಕೋ ಹಾಕಿದರೆ ಕೆಲವೇ ಗಂಟೆಗಳಲ್ಲಿ ಉತ್ತರ ಬರುತ್ತದೆ. ಒಂದು ಎಚ್ಚರಿಕೆ: ನೀರಿನಲ್ಲಿ ಕ್ರಿಮಿಗಳ ಸಂಖ್ಯೆ ತೀರ ಕಡಿಮೆ ಇರುವುದರಿಂದ 'ನೆಗೆಟಿವ್' ಎಂದು ಬಂದ ಮಾತ್ರಕ್ಕೆ ಟಿ.ಬಿ. ಇಲ್ಲ ಎಂದಾಗುವುದಿಲ್ಲ. ವರದಿಗಾಗಿ ಕಾಯದೆ ಮಾತ್ರೆ ಶುರು ಮಾಡಿದ ವೈದ್ಯರನ್ನು ಆತುರದವರೆಂದು ಬೈಯಬೇಡಿ.

ಸಿ.ಟಿ. ಮಾಡಿಸಿದ್ದೇವಲ್ಲ, ಮತ್ತೆ ಎಂ.ಆರ್.ಐ. ಏಕೆ?

ತಲೆಯಲ್ಲಿ ನೀರು ತುಂಬಿದ್ದರೆ, ರಕ್ತಸ್ರಾವವಾಗಿದ್ದರೆ ಸಿ.ಟಿ. ಸಾಕು. ಹೊಸ ಸ್ಟ್ರೋಕ್ ಅದರಲ್ಲಿ ಮೊದಲ ಕೆಲವು ಗಂಟೆ ಕಾಣದೇ ಇರಬಹುದು. ಮಿದುಳಿನ ಆಳದಲ್ಲಿ ಕಡಲೆಕಾಳಿನಷ್ಟು ಜಾಗ ಸತ್ತಿದ್ದರೂ ಎಂ.ಆರ್.ಐ. ಬೇಗ ತೋರಿಸುತ್ತದೆ. ಟಿ.ಬಿ.ಯಲ್ಲಿ ಹೆಚ್ಚು ಪೆಟ್ಟು ತಿನ್ನುವುದು ಮಿದುಳಿನ ಆಳದಲ್ಲಿ, ಮುಂಭಾಗಕ್ಕಿರುವ ಕೆಲವು ನಿರ್ದಿಷ್ಟ ಜಾಗಗಳು. ವೈದ್ಯರು ಅದನ್ನು 'ಟಿ.ಬಿ. ವಲಯ' ಎಂದೇ ಕರೆಯುತ್ತಾರೆ. ಎರಡೂ ಪಕ್ಕದ ಆ ವಲಯ ಒಟ್ಟಿಗೆ ಕೆಟ್ಟಿದ್ದರೆ ಅದು ಸಾಮಾನ್ಯ ಸ್ಟ್ರೋಕ್ ಅಲ್ಲ ಎಂಬ ಅನುಮಾನ ಬಲವಾಗುತ್ತದೆ.

## ಚಿಕಿತ್ಸೆ ನಡೆಯುತ್ತಿರುವಾಗ

ಮಾತ್ರೆ ಶುರುವಾಗಿ ಮೂರು ವಾರಕ್ಕೆ ಕೈ ಬಿದ್ದುಹೋಯಿತು. ಮಾತ್ರೆಯೇ ಕಾರಣ, ನಿಲ್ಲಿಸಿಬಿಡೋಣವೇ?

ಖಂಡಿತ ನಿಲ್ಲಿಸಬೇಡಿ. ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ ಸ್ಟ್ರೋಕ್ ಕಾಣಿಸಿಕೊಳ್ಳುವುದು ಅಪರೂಪವಲ್ಲ. ಕ್ರಿಮಿ ಸಾಯತೊಡಗಿದಾಗ ಅದರ ಚೂರುಪಾರುಗಳ ವಿರುದ್ಧ ದೇಹದ ರಕ್ಷಣಾ ವ್ಯವಸ್ಥೆ ಇನ್ನಷ್ಟು ಕೆರಳಬಹುದು. ಜೊತೆಗೆ ಧಮನಿಯ ಒಳಪದರ ದಪ್ಪಗಾಗುವುದು ಒಮ್ಮೆ ಶುರುವಾದರೆ ಕ್ರಿಮಿ ಸತ್ತ ತಕ್ಷಣ ನಿಲ್ಲುವುದಿಲ್ಲ. ಬೆಂಕಿ ಆರಿದ ಮೇಲೂ ಒಲೆ ಬಹಳ ಹೊತ್ತು ಸುಡುವುದಿಲ್ಲವೇ, ಹಾಗೆ.

ಮಾತ್ರೆ ನಿಲ್ಲಿಸಿದರೆ ಕ್ರಿಮಿ ಮತ್ತೆ ಏಳುತ್ತದೆ, ಮದ್ದಿಗೆ ಬಗ್ಗದ ಕ್ರಿಮಿ ಹುಟ್ಟುವ ಅಪಾಯವೂ ಸೇರಿಕೊಳ್ಳುತ್ತದೆ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಮಾತು ಬೇರೆ, ಅದು ಯಕೃತ್ತಿನ ತೊಂದರೆ ಇರಬಹುದು. ಆಗಲೂ ಯಾವ ಮಾತ್ರೆ ಬಿಡಬೇಕು ಎಂಬುದನ್ನು ವೈದ್ಯರು ಹೇಳಬೇಕು.

ಸ್ಟೀರಾಯ್ಡ್ ಕೊಡುತ್ತಿದ್ದಾರೆ. ಅದು ಕೆಟ್ಟದ್ದು ಎಂದು ಎಲ್ಲರೂ ಹೇಳುತ್ತಾರಲ್ಲ?

ಅದು ಇಲ್ಲಿ ಪ್ರಾಣ ಉಳಿಸುವ ಔಷಧಿ. ವಿಯೆಟ್ನಾಂನಲ್ಲಿ 545 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಪಡೆದವರಲ್ಲಿ ಸತ್ತವರು ನೂರಕ್ಕೆ ಸುಮಾರು 32, ಪಡೆಯದವರಲ್ಲಿ 41. ಬೇಸರದ ಸಂಗತಿ ಎಂದರೆ ಬದುಕುಳಿದವರ ಊನ ಅದರಿಂದ ಕಡಿಮೆಯಾಗಲಿಲ್ಲ. ನಾಳದೊಳಗಿನ ಹೆಪ್ಪಿನ ಮೇಲೆ ಸ್ಟೀರಾಯ್ಡ್‌ನ ಹಿಡಿತ ಅಷ್ಟಕ್ಕಷ್ಟೇ ಎಂಬ ಅನುಮಾನ ಹುಟ್ಟಿದ್ದು, ಆಸ್ಪಿರಿನ್ ಕಡೆಗೆ ಕಣ್ಣು ಹೊರಳಿದ್ದು ಇದರಿಂದಲೇ. ಎಚ್.ಐ.ವಿ. ಸೋಂಕೂ ಇರುವವರಲ್ಲಿ ಸ್ಟೀರಾಯ್ಡ್‌ನಿಂದ ಸ್ಪಷ್ಟ ಲಾಭ ಕಾಣಲಿಲ್ಲ ಎಂದು 2023ರಲ್ಲಿ ಬಂದ ಇನ್ನೊಂದು ಅಧ್ಯಯನ ಹೇಳಿತು. ಸ್ಟೀರಾಯ್ಡ್ ಅನ್ನು ವಾರಗಟ್ಟಲೆ ಕೊಟ್ಟು ಮೆಲ್ಲಗೆ ಇಳಿಸುತ್ತಾರೆ. ಮನೆಗೆ ಬಂದ ಮೇಲೆ 'ಸಾಕು' ಎಂದು ಒಮ್ಮೆಲೇ ಬಿಡಬಾರದು.

ಹೃದಯದವರಿಗೆಲ್ಲ ಆಸ್ಪಿರಿನ್ ಕೊಡುತ್ತಾರೆ. ನಮ್ಮವರಿಗೂ ಕೊಟ್ಟಿದ್ದರೆ ಲಕ್ವ ತಪ್ಪುತ್ತಿತ್ತಲ್ಲವೇ?

ತಪ್ಪುತ್ತಿತ್ತು ಎಂದು ಯಾರೂ ಆಣೆ ಮಾಡಿ ಹೇಳಲಾರರು. ಆಸೆ ಹುಟ್ಟಿಸುವ ಸುಳಿವುಗಳಂತೂ ಇವೆ. ಲಖನೌದಲ್ಲಿ 118 ರೋಗಿಗಳಲ್ಲಿ ಕೆಲವರಿಗೆ ದಿನಕ್ಕೆ 150 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟು ನೋಡಿದರು. ಫಲಿತಾಂಶ 2010ರಲ್ಲಿ ಬಂತು. ಮೂರು ತಿಂಗಳಲ್ಲಿ ಸಾವು ಸುಮಾರು ಅರ್ಧಕ್ಕೆ ಇಳಿದಿತ್ತು. ಸ್ಟ್ರೋಕ್ ಕೂಡ ಕಡಿಮೆ ಕಂಡಿತು, ಆದರೆ ಆ ಇಳಿಕೆ ಆಕಸ್ಮಿಕವಲ್ಲ ಎಂದು ಸಂಖ್ಯಾಶಾಸ್ತ್ರ ಒಪ್ಪುವಷ್ಟು ದೊಡ್ಡದಾಗಿರಲಿಲ್ಲ. ಮರುವರ್ಷ ದಕ್ಷಿಣ ಆಫ್ರಿಕಾದ ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ ಗಮನಾರ್ಹ ಲಾಭ ಕಾಣಲಿಲ್ಲ. 2018ರಲ್ಲಿ ವಿಯೆಟ್ನಾಂನವರು 120 ದೊಡ್ಡವರಲ್ಲಿ 81 ಮಿಲಿಗ್ರಾಂ, 1000 ಮಿಲಿಗ್ರಾಂ ಮತ್ತು ಹುಸಿಮಾತ್ರೆ ಹೀಗೆ ಮೂರು ಗುಂಪು ಮಾಡಿದರು. ಒಟ್ಟಾರೆ ವ್ಯತ್ಯಾಸ ಸಿಗಲಿಲ್ಲ. ಪರೀಕ್ಷೆಯಲ್ಲಿ ಟಿ.ಬಿ. ಖಚಿತವಾದವರನ್ನಷ್ಟೇ ಬೇರೆ ಮಾಡಿ ನೋಡಿದಾಗ, ಹೆಚ್ಚಿನ ಪ್ರಮಾಣ ಪಡೆದವರಲ್ಲಿ ಹೊಸ ಸ್ಟ್ರೋಕ್ ಮತ್ತು ಸಾವು ಕಡಿಮೆ ಇದ್ದವು.

ಗಮನಿಸಬೇಕಾದದ್ದು ಪ್ರಮಾಣವನ್ನು. ಸಣ್ಣ ಪ್ರಮಾಣದ ಆಸ್ಪಿರಿನ್ ರಕ್ತದ ಕಿರುಬಿಲ್ಲೆಗಳು (ಪ್ಲೇಟ್‌ಲೆಟ್‌ಗಳು) ಒಂದಕ್ಕೊಂದು ಅಂಟದಂತೆ ಮಾಡುತ್ತದೆ. ದೊಡ್ಡ ಪ್ರಮಾಣದಲ್ಲಿ ಅದು ಉರಿಯೂತವನ್ನೂ ತಗ್ಗಿಸುತ್ತದೆ. ಈ ಕಾಯಿಲೆಯಲ್ಲಿ ಎರಡೂ ಬೇಕು. ಆದರೆ ಸ್ಟೀರಾಯ್ಡ್ ಜೊತೆ ದೊಡ್ಡ ಪ್ರಮಾಣದ ಆಸ್ಪಿರಿನ್ ಎಂದರೆ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವದ ಭಯ. ಸ್ಟ್ರೋಕ್ ಆಗಿಯೇಬಿಟ್ಟವರಿಗೆ ಬಹಳ ವೈದ್ಯರು ಸಣ್ಣ ಪ್ರಮಾಣದಲ್ಲಿ ಕೊಡುತ್ತಾರೆ. ಆಗುವ ಮುನ್ನವೇ ಎಲ್ಲರಿಗೂ ಕೊಡಬೇಕೇ ಎಂಬುದರಲ್ಲಿ ಒಮ್ಮತವಿಲ್ಲ. ಕೊಡದ ವೈದ್ಯರು ತಪ್ಪು ಮಾಡಿದರು ಎಂದು ಹೇಳುವ ಹಾಗಿಲ್ಲ.

ನಾಲ್ಕೂವರೆ ಗಂಟೆಯೊಳಗೆ ಕೊಟ್ಟರೆ ಹೆಪ್ಪು ಕರಗುವ ಇಂಜೆಕ್ಷನ್ ಇದೆಯಂತೆ. ಅದನ್ನೇಕೆ ಕೊಡಲಿಲ್ಲ?

ಆ ಇಂಜೆಕ್ಷನ್ ಸಾಮಾನ್ಯ ಸ್ಟ್ರೋಕ್‌ಗೆ ಹೇಳಿದ್ದು. ಇಲ್ಲಿ ದಾರಿ ಮುಚ್ಚಿರುವುದು ಬರೀ ಹೆಪ್ಪಿನಿಂದಲ್ಲ, ನಾಳದ ಗೋಡೆಯೇ ಊದಿಕೊಂಡಿದೆ. ಗೋಡೆಯನ್ನು ಇಂಜೆಕ್ಷನ್ ಕರಗಿಸದು. ಉರಿಯೂತದಿಂದ ಬಲಗುಂದಿದ ನಾಳ ಒಡೆದು ರಕ್ತ ಸುರಿದರೆ ಇದ್ದ ಸ್ಥಿತಿಯೂ ಕೈಬಿಟ್ಟು ಹೋಗುತ್ತದೆ.

ಸೋಡಿಯಂ ಇಳಿದಿದೆ ಎಂದು ಸಲೈನ್ ಹಾಕುತ್ತಿದ್ದಾರೆ. ಉಪ್ಪಿಗೂ ಹೆಪ್ಪಿಗೂ ಸಂಬಂಧವಿದೆಯೇ?

ಇದೆ, ಮತ್ತು ಇದನ್ನು ಕೇಳುವವರು ಕಡಿಮೆ. ಮಿದುಳಿನ ಟಿ.ಬಿ.ಯಲ್ಲಿ ಮೂತ್ರಪಿಂಡ ಉಪ್ಪನ್ನು ಹಿಡಿದಿಟ್ಟುಕೊಳ್ಳಲಾಗದೆ ಹೊರಹಾಕುವ ಸ್ಥಿತಿ ಬರಬಹುದು. ಉಪ್ಪಿನ ಹಿಂದೆ ನೀರೂ ಹೋಗುತ್ತದೆ. ರಕ್ತದ ಪ್ರಮಾಣ ಇಳಿಯುತ್ತದೆ, ರಕ್ತ ಗಟ್ಟಿಯಾಗುತ್ತದೆ, ಮೊದಲೇ ಕಿರಿದಾದ ನಾಳದಲ್ಲಿ ಹರಿವು ನಿಧಾನವಾಗುತ್ತದೆ. ಸೋಡಿಯಂ ಇಳಿಯುವ ಇನ್ನೊಂದು ಬಗೆಯಲ್ಲಿ ನೀರು ಕಡಿಮೆ ಕೊಡುವುದು ಚಿಕಿತ್ಸೆ. ಈ ಬಗೆಯಲ್ಲಿ ಹಾಗೆ ಮಾಡಿದರೆ ಸ್ಟ್ರೋಕ್ ಅನ್ನು ಕೈಯಾರೆ ಕರೆದಂತೆ. ಆದ್ದರಿಂದಲೇ ಎಷ್ಟು ನೀರು ಹೋಯಿತು, ಎಷ್ಟು ಮೂತ್ರ ಬಂತು ಎಂದು ನರ್ಸುಗಳು ನಿಮ್ಮಿಂದ ಬರೆಸುವುದು. ಆ ಚೀಟಿಯನ್ನು ಅಂದಾಜಿನಲ್ಲಿ ತುಂಬಬೇಡಿ.

ತಲೆಯಲ್ಲಿ ನೀರು ತುಂಬಿದೆ, ಪೈಪ್ ಹಾಕಬೇಕು ಎನ್ನುತ್ತಾರೆ. ಲಕ್ವಕ್ಕೂ ಅದಕ್ಕೂ ಸಂಬಂಧವೇ?

ಪರೋಕ್ಷವಾಗಿ ಹೌದು. ಬುಡದ ಲೋಳೆ ದ್ರವದ ದಾರಿ ಕಟ್ಟಿದಾಗ ಮಿದುಳಿನ ಒಳಕೋಣೆಗಳು ಉಬ್ಬುತ್ತವೆ. ಉಬ್ಬಿದಾಗ ಸಣ್ಣ ಧಮನಿಗಳು ಎಳೆದಂತಾಗುತ್ತವೆ, ಒತ್ತಡ ಏರಿ ರಕ್ತ ಒಳಗೆ ಹೋಗುವುದೇ ಕಷ್ಟವಾಗುತ್ತದೆ. ಪೈಪ್ ಹಾಕಿದರೆ ಒತ್ತಡ ಇಳಿಯುತ್ತದೆ. ಸತ್ತ ಭಾಗ ಮರಳುವುದಿಲ್ಲ.

## ಇನ್ನಷ್ಟು ಆಳಕ್ಕೆ

ಚೀಟಿಯಲ್ಲಿ 'ಸೈನಸ್ ಥ್ರಾಂಬೋಸಿಸ್' ಎಂದಿದೆ. ಮೂಗಿನ ಸೈನಸ್ಸೇ?

ಅಲ್ಲ. ಮಿದುಳಿನಿಂದ ಕೆಟ್ಟ ರಕ್ತವನ್ನು ಹೊರಗೆ ಒಯ್ಯುವ ದೊಡ್ಡ ಕಾಲುವೆಗಳಿಗೂ ಸೈನಸ್ ಎಂದೇ ಹೆಸರು. ಇಲ್ಲಿಯವರೆಗೆ ಹೇಳಿದ್ದು ರಕ್ತ ಒಳಗೆ ಬರುವ ಧಮನಿಯ ಕಥೆ. ಇದು ಹೊರಗೆ ಹೋಗುವ ಸಿರೆಯದು. ಹೊರದಾರಿ ಕಟ್ಟಿದರೆ ರಕ್ತ ಹಿಂದಕ್ಕೆ ನಿಂತು ಮಿದುಳು ಊದುತ್ತದೆ, ಕೆಲವೊಮ್ಮೆ ಅಲ್ಲೇ ಸೋರುತ್ತದೆ. ಹೆಚ್ಚುವ ತಲೆನೋವು, ಮಂಜಾಗುವ ದೃಷ್ಟಿ, ಫಿಟ್ಸ್ ಇದರ ಗುರುತು. ಮಿದುಳಿನ ಟಿ.ಬಿ.ಯಲ್ಲಿ ಧಮನಿಯ ತೊಂದರೆಗಿಂತ ಇದು ಅಪರೂಪ. ಆದರೆ ತಲೆನೋವು, ವಾಂತಿ ಎರಡರಲ್ಲೂ ಇರುವುದರಿಂದ ಟಿ.ಬಿ.ಯ ನೆರಳಲ್ಲಿ ಇದು ಮರೆಯಾಗಿಬಿಡುತ್ತದೆ. ಸಿರೆಗಳನ್ನು ತೋರಿಸುವ ಎಂ.ಆರ್. ವೆನೋಗ್ರಾಂ ಬೇಕೆನ್ನುವುದು ಇದಕ್ಕೇ.

ಬಾಣಂತಿಯರಲ್ಲಿ ಸಿರೆ ಹೆಪ್ಪುಗಟ್ಟುವುದು ನಮ್ಮ ವೈದ್ಯರಿಗೆ ಹಳೆಯ ಪರಿಚಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಬಗ್ಗೆ ದಶಕಗಳಿಂದ ಕೆಲಸ ನಡೆದಿದೆ. ಬಾಣಂತಿಗೆ ನೀರು ಕೊಡಬಾರದೆಂಬ ಪದ್ಧತಿ ಇರುವ ಮನೆಯಲ್ಲಿ ಆಕೆಗೆ ಟಿ.ಬಿ.ಯೂ ಇದ್ದರೆ ಅಪಾಯದ ಮೇಲೆ ಅಪಾಯ. ಇಲ್ಲಿ ಚಿಕಿತ್ಸೆ ಆಸ್ಪಿರಿನ್ ಅಲ್ಲ, ಹೆಪ್ಪು ಬೆಳೆಯದಂತೆ ತಡೆಯುವ ಹೆಪರಿನ್ ಇಂಜೆಕ್ಷನ್.

ಟಿ.ಬಿ. ಇದ್ದರೆ ಇಡೀ ದೇಹದ ರಕ್ತವೇ ಹೆಪ್ಪುಗಟ್ಟುವ ಕಡೆಗೆ ವಾಲುತ್ತದೆ ಎಂದು ಓದಿದೆ. ಸರಿಯೇ?

ಸರಿ. ಕನ್ನಡದಲ್ಲಿ ಹಾಲಿಗೂ ಹೆಪ್ಪು, ರಕ್ತಕ್ಕೂ ಹೆಪ್ಪು. ಹಾಲು ಹೆಪ್ಪಾಗಲು ಹದವಾದ ಹಾಲು ಬೇಕು, ಅಲುಗಾಡದ ಪಾತ್ರೆ ಬೇಕು, ಹಾಕಲು ಒಂದು ಚಮಚ ಮೊಸರು ಬೇಕು. ರಕ್ತಕ್ಕೂ ಮೂರು ಕಾರಣಗಳನ್ನು ಹತ್ತೊಂಬತ್ತನೆಯ ಶತಮಾನದ ಜರ್ಮನ್ ವೈದ್ಯ ವಿರ್ಶೋ ಅವರ ಹೆಸರಿನಲ್ಲಿ ಹೇಳುವುದುಂಟು: ಕೆಟ್ಟ ಗೋಡೆ, ನಿಂತ ಹರಿವು, ಬದಲಾದ ರಕ್ತ. ಮಿದುಳಿನ ಟಿ.ಬಿ.ಯಲ್ಲಿ ಮೂರೂ ಇವೆ. ಗೋಡೆ ಉರಿಯೂತದಿಂದ ಕೆಟ್ಟಿದೆ, ಹರಿವು ಒತ್ತಡದಿಂದ ಮತ್ತು ನೀರಿಲ್ಲದೆ ಕುಂಠಿತವಾಗಿದೆ. ರಕ್ತದಲ್ಲಿ ಹೆಪ್ಪು ಕಟ್ಟಿಸುವ ಫೈಬ್ರಿನೋಜನ್ ಏರಿರುತ್ತದೆ, ಕಿರುಬಿಲ್ಲೆಗಳು ಹೆಚ್ಚಿರಬಹುದು, ಹೆಪ್ಪನ್ನು ತಡೆಯುವ ಪ್ರೋಟೀನ್ ಎಸ್, ಆಂಟಿಥ್ರಾಂಬಿನ್‌ನಂಥವು ಇಳಿದಿರಬಹುದು. ಚಿಕಿತ್ಸೆ ನಡೆದಂತೆ ಇವು ಸರಿದಾರಿಗೆ ಬರುತ್ತವೆ. ಆದ್ದರಿಂದ ಕಾಯಿಲೆಯ ಕಾವಿನಲ್ಲಿ ಪ್ರೋಟೀನ್ ಎಸ್ ಅಳೆದು, ಹುಟ್ಟಿನಿಂದಲೇ ದೋಷವಿದೆ ಎಂದು ತೀರ್ಮಾನಿಸುವುದು ತಪ್ಪು.

ಹಾಸಿಗೆ ಹಿಡಿದವರ ಒಂದೇ ಕಾಲಿನ ಮೀನಖಂಡ ಊದಿದರೆ ಅಲ್ಲೂ ಹೆಪ್ಪಾಗಿರಬಹುದು. ತೋರಿಸುವ ಮುನ್ನ ಎಣ್ಣೆ ಹಚ್ಚಿ ತಿಕ್ಕಬೇಡಿ. ಅದು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು.

ವಾರ್ಫರಿನ್ ಎಷ್ಟು ಏರಿಸಿದರೂ ಐ.ಎನ್.ಆರ್. ಏರುತ್ತಿಲ್ಲ. ಮಾತ್ರೆ ನಕಲಿಯೇ?

ವಾರ್ಫರಿನ್ ಹೆಪ್ಪು ತಡೆಯುವ ಮಾತ್ರೆ, ಅದು ರಕ್ತದಲ್ಲಿ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ಲೆಕ್ಕ ಐ.ಎನ್.ಆರ್. ಮಾತ್ರೆ ನಕಲಿ ಅಲ್ಲ, ಪಕ್ಕದಲ್ಲಿರುವ ಟಿ.ಬಿ.ಯ ಕೆಂಪು ಮಾತ್ರೆಯ ಕೆಲಸ. ಮೂತ್ರವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸುವ ರಿಫಾಂಪಿಸಿನ್, ಔಷಧಿಗಳನ್ನು ಒಡೆಯುವ ಯಕೃತ್ತಿನ ಕಿಣ್ವಗಳನ್ನು ಎಬ್ಬಿಸಿ ಕೂರಿಸುತ್ತದೆ. ವಾರ್ಫರಿನ್ ಕೆಲಸ ಮಾಡುವ ಮೊದಲೇ ಚೂರಾಗುತ್ತದೆ. ಮಾಮೂಲಿನ ಎರಡು ಮೂರು ಪಟ್ಟು, ಕೆಲವರಿಗೆ ಅದಕ್ಕೂ ಹೆಚ್ಚು ಬೇಕಾಗುತ್ತದೆ. ರಿವರಾಕ್ಸಬಾನ್, ಅಪಿಕ್ಸಬಾನ್, ಡಾಬಿಗಟ್ರಾನ್‌ನಂಥ ಹೊಸ ಮಾತ್ರೆಗಳ ಗತಿಯೂ ಇದೇ, ರಿಫಾಂಪಿಸಿನ್ ಜೊತೆ ಅವನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಚರ್ಮದಡಿ ಚುಚ್ಚುವ, ಹೆಪರಿನ್ ಜಾತಿಯ ಎನಾಕ್ಸಪರಿನ್‌ಗೆ ಈ ತಂಟೆ ಇಲ್ಲ. ದುಬಾರಿ, ದಿನಾ ಚುಚ್ಚಬೇಕು, ಆದರೂ ಅನೇಕರಿಗೆ ಅದೇ ಉತ್ತಮ.

ನಿಜವಾದ ಅಪಾಯ ಇರುವುದು ಇನ್ನೊಂದು ತುದಿಯಲ್ಲಿ. ಟಿ.ಬಿ. ಮಾತ್ರೆ ಮುಗಿದ ದಿನ ಮನೆಯಲ್ಲಿ ಸಂತೋಷ. ವಾರ್ಫರಿನ್ ಮಾತ್ರ ಹಳೆಯ ದೊಡ್ಡ ಪ್ರಮಾಣದಲ್ಲೇ ಮುಂದುವರಿಯುತ್ತದೆ. ಎರಡರಿಂದ ನಾಲ್ಕು ವಾರಗಳಲ್ಲಿ ಕಿಣ್ವಗಳು ತಣ್ಣಗಾಗುತ್ತವೆ, ಐ.ಎನ್.ಆರ್. ಜಿಗಿಯುತ್ತದೆ, ಒಸಡಿನಿಂದಲೋ ಮೂತ್ರದಲ್ಲೋ ಕೊನೆಗೆ ತಲೆಯಲ್ಲೋ ರಕ್ತ. ರಿಫಾಂಪಿಸಿನ್ ನಿಲ್ಲುವ ತಾರೀಖನ್ನು ವಾರ್ಫರಿನ್ ಚೀಟಿಯ ಮೇಲೆ ಈಗಲೇ ದೊಡ್ಡದಾಗಿ ಬರೆಸಿಕೊಳ್ಳಿ. ಸೊಪ್ಪಿನ ವಿಷಯ: ಸೊಪ್ಪು ವಾರ್ಫರಿನ್‌ನ ಬಲ ತಗ್ಗಿಸುತ್ತದೆ, ಆದರೂ ಬಸ್ಸಾರು, ನುಗ್ಗೆಸೊಪ್ಪಿನ ಪಲ್ಯ ಬಿಡಬೇಕಿಲ್ಲ. ಒಂದು ವಾರ ದಿನಾ ತಿಂದು ಮರುವಾರ ಪೂರ್ತಿ ಬಿಡುವ ಏರುಪೇರು ಬೇಡ, ಅಷ್ಟೇ.

ಬಿದ್ದ ಕೈ ಏಳುತ್ತದೆಯೇ? ಊರಿನಲ್ಲಿ ಪಾರಿವಾಳದ ರಕ್ತ ಹಚ್ಚಿ ಎನ್ನುತ್ತಾರೆ.

ಪಾರಿವಾಳವನ್ನು ಅದರ ಪಾಡಿಗೆ ಬಿಡಿ. ಕೈ ಚೇತರಿಸಿಕೊಳ್ಳುವುದು ಫಿಸಿಯೋಥೆರಪಿಯಿಂದ, ಮೊದಲ ತಿಂಗಳುಗಳಲ್ಲಿ ಹೆಚ್ಚು. ಮಕ್ಕಳಲ್ಲಿ ಇನ್ನೂ ಹೆಚ್ಚು. ಕೈ ಎದ್ದರೂ ಮರೆವು, ಸಿಡುಕು, ಓದಿನಲ್ಲಿ ಹಿಂದೆ ಬೀಳುವುದು ಉಳಿಯಬಹುದು, ಏಕೆಂದರೆ ಪೆಟ್ಟು ಬಿದ್ದದ್ದು ಮಿದುಳಿನ ಆಳದಲ್ಲಿ. ಇದನ್ನು ಮನೆಯವರು ಸೋಮಾರಿತನ ಎಂದು ಬೈಯುವುದನ್ನು ಬಹಳ ಕಂಡಿದ್ದೇನೆ. ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕೆ ಸರ್ಕಾರ ಕೊಡುವ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ. ಬಂದಿಲ್ಲದಿದ್ದರೆ 1800-11-6666ಕ್ಕೆ ಕರೆ ಮಾಡಿ ಕೇಳಿ.

ಹನ್ನೆರಡು ತಿಂಗಳ ಮಾತ್ರೆ ಮುಗಿಯಿತು. ಆಸ್ಪಿರಿನ್ ಮಾತ್ರ ಜೀವನಪೂರ್ತಿ ನುಂಗಬೇಕೇ?

ಹೆಚ್ಚಿನವರಿಗೆ ಬೇಕಾಗುವುದಿಲ್ಲ. ಹೆಪ್ಪಿಗೆ ಕಾರಣವಾದ ಉರಿಯೂತ ಆರಿದ ಮೇಲೆ ಎಳೆಯ ವಯಸ್ಸಿನ, ಬಿ.ಪಿ., ಸಕ್ಕರೆ ಇಲ್ಲದವರಿಗೆ ಅದನ್ನು ನಿಲ್ಲಿಸಬಹುದು. ಧಮನಿ ಶಾಶ್ವತವಾಗಿ ಕಿರಿದಾಗಿದ್ದರೆ, ಬೇರೆ ಹೃದಯದ ಕಾರಣವಿದ್ದರೆ ಮುಂದುವರಿಸುತ್ತಾರೆ. ಆದ್ದರಿಂದ ಕೊನೆಯ ಭೇಟಿಗೆ ಹೋಗುವಾಗ ಹಳೆಯ ಎಂ.ಆರ್.ಐ. ಫಿಲಂಗಳನ್ನೂ ಒಯ್ಯಿರಿ. ಬರೀ ವರದಿಯ ಕಾಗದ ಸಾಲದು.